ಎಲ್ಲವೂ ಒಂದರಲ್ಲೇ ಎನ್ನುವ ಹೊಸ ಸ್ಟಾರ್ಟಪ್ ಆ್ಯಪ್: ವರ್ಷದ ದುಡ್ಡು ಕಟ್ಟುವ ಮೊದಲು ಏನೇನು ಪರೀಕ್ಷಿಸಬೇಕು?

ಏಲಕ್ಕಿಗೊನೆ, ನಾಪೋಕ್ಲು – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಸುತ್ತಿನ ಹದಿನಾಲ್ಕು ಮನೆಗಳ ಮಹಿಳಾ ಸಂಘದ ಪರವಾಗಿ ಕೇಳುತ್ತಿದ್ದೇನೆ. ನಾವು ಮಾರುವುದು ಕಾಫಿಪುಡಿ, ಕರಿಮೆಣಸು, ಏಲಕ್ಕಿ, ಜೇನು, ಕಾಚಂಪುಳಿ (ಅಡುಗೆಗೆ ಬಳಸುವ ಕೊಡಗಿನ ಹುಳಿ ರಸ). ಎರಡು ಮನೆಗಳಲ್ಲಿ ಹೋಂಸ್ಟೇ ಇದೆ. ಗಿರಾಕಿಗಳು ಹೆಚ್ಚಿನವರು ಬೆಂಗಳೂರು, ಮೈಸೂರು ಕಡೆಯವರು. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಸುಮಾರು 600 ನಂಬರ್ ಇವೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟಗಳೂ ಇವೆ.

ಹೊಸ ಸ್ಟಾರ್ಟಪ್ ಒಂದು ವರ್ಷಕ್ಕೆ ₹9,000ಕ್ಕೆ ಎಲ್ಲವನ್ನೂ ನೋಡಿಕೊಳ್ಳುತ್ತೇವೆ ಎನ್ನುತ್ತಿದೆ. ಪೋಸ್ಟ್‌ಗಳನ್ನು ತಾನೇ ಹಾಕುವುದು, 600 ಜನಕ್ಕೂ ಒಟ್ಟಿಗೆ ಮೆಸೇಜ್, ಬಂದ ಪ್ರಶ್ನೆಗೆ ತಕ್ಷಣ ಉತ್ತರ, ಎಲ್ಲ ಕೊಂಡಿಗಳೂ ಇರುವ ಒಂದು ಪುಟ, ಪ್ಯಾಕೆಟ್ ಮೇಲೆ ಹಾಕಲು ಕ್ಯೂಆರ್ ಕೋಡ್, ಆರ್ಡರ್ ಮತ್ತು ಹಣ ಎರಡೂ ಅದರಲ್ಲೇ. ಶುರು ಮಾಡಲು ನಮ್ಮ ಫೋನಿನ ವಾಟ್ಸಾಪ್‌ನಿಂದ ಅವರ ಪರದೆಯ ಮೇಲಿನ ಕೋಡ್ ಸ್ಕ್ಯಾನ್ ಮಾಡಿ, ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಕೊಡಿ ಅಂತ ಹೇಳಿದ್ದಾರೆ.

ನಂಬರಿಗೆ ಅಪಾಯ ಇದೆಯೇ? ಕಂಪನಿ ನಾಳೆ ಮುಚ್ಚಿದರೆ ನಮಗೆ ಏನು ಉಳಿಯುತ್ತದೆ? ಮಳೆಗಾಲದಲ್ಲಿ ಕರೆಂಟೂ ಇಲ್ಲ, ರೇಂಜೂ ಇಲ್ಲ ಎನ್ನುವ ದಿನಗಳಲ್ಲಿ ಇದು ಕೆಲಸಕ್ಕೆ ಬರುತ್ತದೆಯೇ? 2,000 ಲೇಬಲ್ ಪ್ರೆಸ್ಸಿಗೆ ಹೋಗುವುದಿದೆ, ಅವರ ಕ್ಯೂಆರ್ ಹಾಕಿಸಬೇಕೋ ಬೇಡವೋ ಎಂದು ಈ ವಾರವೇ ತೀರ್ಮಾನ ಆಗಬೇಕು.

ಹಾರಂಗಿದಂಡೆ, ಕುಶಾಲನಗರ

ಅಕ್ಕ, ಮೊದಲು ಒಂದು ಮಾತು: ಆ ಕೋಡ್ ಸ್ಕ್ಯಾನ್ ಮಾಡಬೇಡಿ.

ವಾಟ್ಸಾಪ್‌ನಿಂದ ಒಟ್ಟಿಗೆ ಮೆಸೇಜ್ ಕಳಿಸಲು ಎರಡು ದಾರಿ ಇವೆ. ಒಂದು ವಾಟ್ಸಾಪ್‌ನ ಒಡೆಯ ಮೆಟಾ ಕಂಪನಿಯೇ ಕೊಡುವ ಕ್ಲೌಡ್ ಎಪಿಐ, ಅಂದರೆ ಬೇರೆಯವರ ಸಾಫ್ಟ್‌ವೇರ್ ವಾಟ್ಸಾಪ್‌ಗೆ ಜೋಡಿಸಿಕೊಳ್ಳಲು ಇರುವ ಅಧಿಕೃತ ಬಾಗಿಲು, 2022ರಿಂದ ಇದೆ. ಇನ್ನೊಂದು, ವಾಟ್ಸಾಪ್ ವೆಬ್‌ಗೆ ನಿಮ್ಮ ಫೋನನ್ನು ಜೋಡಿಸಿಕೊಂಡು ಮನುಷ್ಯ ಟೈಪ್ ಮಾಡಿದಂತೆ ಪ್ರೋಗ್ರಾಂನಿಂದ ಕಳಿಸುವುದು. ಫೋನಿನಿಂದ ಕೋಡ್ ಸ್ಕ್ಯಾನ್ ಮಾಡಿ, ಅಷ್ಟೇ ಸಾಕು ಎಂದವರದು ಬಹುಪಾಲು ಎರಡನೆಯ ದಾರಿ. ಅದು ವಾಟ್ಸಾಪ್ ನಿಯಮಕ್ಕೆ ವಿರುದ್ಧ. ಒಂದೇ ಮಾತಿನ ಮೆಸೇಜು 600 ಜನಕ್ಕೆ ಹೋಗಿ, ಅದರಲ್ಲಿ ಹತ್ತಿಪ್ಪತ್ತು ಜನ ಬ್ಲಾಕ್ ಮಾಡಿದರೂ ನಂಬರ್ ಬ್ಯಾನ್ ಆಗುವ ಸಾಧ್ಯತೆ ಇದೆ. ಬ್ಯಾನ್ ಆದದ್ದು ಸ್ಟಾರ್ಟಪ್ ಅಲ್ಲ, ಹಳೇ ಪ್ಯಾಕೆಟ್‌ಗಳ ಮೇಲೆಲ್ಲ ಅಚ್ಚಾಗಿರುವ ನಿಮ್ಮ ನಂಬರ್. ಜೊತೆಗೆ ಹಾಗೆ ಜೋಡಿಸಿದ ಕಂಪ್ಯೂಟರಿನಲ್ಲಿ ನಿಮ್ಮ ಅತಿಥಿಗಳ ಮಾತುಕತೆಯೆಲ್ಲ ಕಾಣುತ್ತದೆ. ಈಗಾಗಲೇ ಸ್ಕ್ಯಾನ್ ಮಾಡಿದ್ದರೆ ಸೆಟ್ಟಿಂಗ್ಸ್‌ನ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಲಾಗ್ ಔಟ್ ಮಾಡಿ. ಟೂ ಸ್ಟೆಪ್ ವೆರಿಫಿಕೇಶನ್‌ನ 6 ಅಂಕಿಯ ಪಿನ್ ಇಟ್ಟಿಲ್ಲದಿದ್ದರೆ ಈಗಲೇ ಇಡಿ.

ಮೊದಲ ದಾರಿಯಾದರೆ ಲೆಕ್ಕ ಬೇರೆ. ಅಲ್ಲಿ ನೀವಾಗಿ ಕಳಿಸುವ ಪ್ರಚಾರದ ಮೆಸೇಜನ್ನು ಮೊದಲು ಟೆಂಪ್ಲೇಟ್ ಆಗಿ ಸಲ್ಲಿಸಿ ಒಪ್ಪಿಗೆ ಪಡೆಯಬೇಕು. 2025ರ ಜುಲೈ 1ರಿಂದ ಒಂದೊಂದು ಟೆಂಪ್ಲೇಟ್ ಮೆಸೇಜಿಗೂ ಬೇರೆಬೇರೆಯಾಗಿ ಹಣ. ಭಾರತದಲ್ಲಿ ಪ್ರಚಾರದ ಮೆಸೇಜಿಗೆ ಒಂದು ರೂಪಾಯಿಗಿಂತ ಸ್ವಲ್ಪ ಕಡಿಮೆ, ಮೇಲೆ ಜಿಎಸ್‌ಟಿ, ಅದರ ಮೇಲೆ ಮಧ್ಯದವರ ಪಾಲು. ಗಿರಾಕಿಯೇ ಮೊದಲು ಬರೆದರೆ ಅಲ್ಲಿಂದ 24 ಗಂಟೆ ನೀವು ಕೊಡುವ ಉತ್ತರಗಳು ಉಚಿತ. ಬಿಸಿನೆಸ್ ಪರಿಶೀಲನೆ ಮುಗಿಯುವವರೆಗೆ 24 ಗಂಟೆಯಲ್ಲಿ 250 ಜನಕ್ಕಿಂತ ಹೆಚ್ಚಿನವರಿಗೆ ನೀವಾಗಿ ಮೆಸೇಜ್ ಕಳಿಸಲಾಗದು. ಅಂದರೆ 600 ಜನಕ್ಕೆ ಮೂರು ದಿನ ಬೇಕು. ಹುತ್ತರಿ ಹಬ್ಬದ ಹಿಂದಿನ ದಿನ ಎಲ್ಲರಿಗೂ ಒಟ್ಟಿಗೆ ಕಳಿಸುತ್ತೇವೆ ಎಂದು ಅವರು ಹೇಳಿದ್ದರೆ ಈ ಮಿತಿಯ ಬಗ್ಗೆ ಕೇಳಿ.

ಹಾಗಾಗಿ ವರ್ಷದ ₹9,000ದಲ್ಲಿ ಮೆಸೇಜಿನ ದರ ಸೇರಿದೆಯೋ ಇಲ್ಲವೋ ಬರೆಸಿಕೊಳ್ಳಿ. ತಿಂಗಳಿಗೊಂದರಂತೆ 600 ಜನಕ್ಕೆ ಕಳಿಸಿದರೆ ವರ್ಷಕ್ಕೆ 7,200 ಮೆಸೇಜು, ಅದಕ್ಕೇ ಆರೇಳು ಸಾವಿರ ರೂಪಾಯಿ ಆಗುತ್ತದೆ. ಎಲ್ಲ ಸೇರಿ ₹9,000 ಎಂದರೆ, ಒಂದೋ ಅದು ಅಡ್ಡದಾರಿ, ಇಲ್ಲವೇ ಆಮೇಲೆ ಬೇರೆ ಬಿಲ್ ಬರುತ್ತದೆ.

ನಿಮ್ಮ ಗಾತ್ರಕ್ಕೆ ಈಗಿನ ಆ್ಯಪ್‌ನ ಬ್ರಾಡ್‌ಕಾಸ್ಟೇ ಸಾಕಾಗಬಹುದು. ಒಂದು ಪಟ್ಟಿಗೆ 256 ಜನ, ಮೂರು ಪಟ್ಟಿ ಮಾಡಿದರೆ 600 ದಾಟುತ್ತದೆ. ಒಂದೇ ತೊಡಕು, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕೆ ಅತಿಥಿಗಳು ಹೊರಡುವಾಗ ಕಾಂಟ್ಯಾಕ್ಟ್ ಕಾರ್ಡ್ ಕಳಿಸಿ, ಸೇವ್ ಮಾಡಿಕೊಂಡರೆ ಹೊಸ ಜೇನು, ಹೊಸ ಮೆಣಸು ಬಂದಾಗ ತಿಳಿಸುತ್ತೇವೆ ಎನ್ನಿ. ಬೇಕು ಅನ್ನುವವರೇ ಪಟ್ಟಿಯಲ್ಲಿ ಉಳಿಯುತ್ತಾರೆ. ಬ್ಲಾಕ್ ಮಾಡುವವರೂ ಕಡಿಮೆ.

ಕರಿಮೆಣಸಿನಬಳ್ಳಿ, ವಿರಾಜಪೇಟೆ

ಕಂಪನಿ ಮುಚ್ಚಿದರೆ ಏನು ಎಂದು ಕೇಳಿದ್ದೀರಿ. ಕನ್ನಡದವರಿಗೆ ಇದರ ಉದಾಹರಣೆ ದೂರ ಹುಡುಕಬೇಕಿಲ್ಲ. ಬೆಂಗಳೂರಿನ ‘ಕೂ’ 2020ರಲ್ಲಿ ಕನ್ನಡದಿಂದಲೇ ಶುರುವಾದ, ಟ್ವಿಟರ್‌ನಂಥ ಜಾಲತಾಣ. ಕನ್ನಡದಲ್ಲಿ ಬರೆಯುವವರಿಗೆ ನಿಜವಾಗಿ ಅನುಕೂಲವಾಗಿತ್ತು. ದೊಡ್ಡ ದೊಡ್ಡ ಹೂಡಿಕೆದಾರರಿದ್ದರು, ಸಚಿವರು, ಸಿನಿಮಾದವರು ಎಲ್ಲ ಇದ್ದರು. ಬೇರೆ ಕಂಪನಿಗಳೊಂದಿಗಿನ ಮಾತುಕತೆ ಮುರಿದುಬಿದ್ದು 2024ರ ಜುಲೈನಲ್ಲಿ ಮುಚ್ಚಿತು. ಕೆಲಸ ಕೆಟ್ಟದಾಗಿತ್ತು ಅಂತಲ್ಲ, ನಡೆಸುವ ಖರ್ಚಿಗೆ ಆದಾಯ ಸಾಲಲಿಲ್ಲ. ಅಲ್ಲಿ ಸಾವಿರಾರು ಹಿಂಬಾಲಕರನ್ನು ಕೂಡಿಸಿಕೊಂಡಿದ್ದವರ ಕೈಗೆ ಆ ಜನರ ಒಂದು ನಂಬರೂ ಸಿಗಲಿಲ್ಲ.

ದೊಡ್ಡವರನ್ನು ನಂಬಿದರೂ ಇದೇ. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆಗೆ ಉಚಿತ ವೆಬ್‌ಸೈಟ್ ಸಿಗುತ್ತಿತ್ತು, ಬಿಸಿನೆಸ್ ಡಾಟ್ ಸೈಟ್ ಎಂದು ಮುಗಿಯುವ ವಿಳಾಸ. ಅವೆಲ್ಲ 2024ರ ಮಾರ್ಚ್‌ನಲ್ಲಿ ನಿಂತವು. ಜೂನ್ 10ರವರೆಗೆ ಪ್ರೊಫೈಲಿಗೆ ತಿರುಗಿಸುತ್ತಿದ್ದವು, ಆಮೇಲೆ ಆ ವಿಳಾಸವೇ ಇಲ್ಲ. ಬೋರ್ಡಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಅದನ್ನು ಹಾಕಿಸಿದ್ದವರಿಗೆ ಮತ್ತೆ ಅಚ್ಚು ಹಾಕಿಸದೆ ಬೇರೆ ದಾರಿ ಇರಲಿಲ್ಲ. ಗೂಗಲ್‌ನದೇ ಫೈರ್‌ಬೇಸ್ ಡೈನಾಮಿಕ್ ಲಿಂಕ್ಸ್ 2025ರ ಆಗಸ್ಟ್ 25ರಂದು ನಿಂತಿತು. ಅದರ ಮೇಲೆ ನಿಂತಿದ್ದ ಚಿಕ್ಕ ಕೊಂಡಿಗಳು, ಕ್ಯೂಆರ್‌ಗಳು ಅವತ್ತೇ ಕುರುಡಾದವು.

ಆದ್ದರಿಂದ ಲೇಬಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಸ್ಟಾರ್ಟಪ್‌ನ ಕ್ಯೂಆರ್ ಪ್ಯಾಕೆಟ್ ಮೇಲೆ ಬೇಡವೇ ಬೇಡ. ಅವರು ಕೊಡುವುದು ಡೈನಾಮಿಕ್ ಕ್ಯೂಆರ್. ಸ್ಕ್ಯಾನ್ ಮಾಡಿದವರು ಮೊದಲು ಅವರ ಸರ್ವರಿಗೆ ಹೋಗಿ ಅಲ್ಲಿಂದ ನಿಮ್ಮ ಪುಟಕ್ಕೆ ಬರುತ್ತಾರೆ. ಚಂದಾ ಮುಗಿದರೂ, ಕಂಪನಿ ಮುಚ್ಚಿದರೂ ಗೋದಾಮಿನಲ್ಲಿರುವ ಲೇಬಲ್ ಅಷ್ಟೂ ದಂಡ. ಸಂಘದ ಹೆಸರಿನಲ್ಲಿ ಡಾಟ್ ಇನ್ ವಿಳಾಸ ಒಂದನ್ನು ಕೊಳ್ಳಿ, ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಕ್ಯೂಆರ್‌ನಲ್ಲಿ ಆ ವಿಳಾಸವೇ ಇರಲಿ. ಅಲ್ಲಿಂದ ಇವತ್ತು ಸ್ಟಾರ್ಟಪ್‌ನ ಪುಟಕ್ಕೆ ತಿರುಗಿಸಿ, ನಾಳೆ ಬೇಡವಾದರೆ ವಾಟ್ಸಾಪ್ ಕ್ಯಾಟಲಾಗ್‌ಗೆ ತಿರುಗಿಸಿ. ತಿರುಗಿಸುವ ಬಗೆ ಕೇಳಿದಾಗ 301 (ಶಾಶ್ವತ) ಅಲ್ಲ, 302 (ತಾತ್ಕಾಲಿಕ) ಆರಿಸಿ. 301 ಶಾಶ್ವತ ಎಂದು ಬ್ರೌಸರುಗಳು ನೆನಪಿಟ್ಟುಕೊಳ್ಳುತ್ತವೆ, ನೀವು ಬದಲಿಸಿದ ಮೇಲೂ ಹಳೇ ಕಡೆಗೇ ಹೋಗುತ್ತಿರುತ್ತವೆ. ವಿಳಾಸದ ನೋಂದಣಿ ಸಂಘದ್ದೇ ಇಮೇಲ್‌ನಲ್ಲಿರಲಿ, ಯಾರದೋ ಮನೆಯ ಹುಡುಗನ ಇಮೇಲ್‌ನಲ್ಲಿ ಬೇಡ. ಅವನು ಕೆಲಸಕ್ಕೆಂದು ಊರು ಬಿಟ್ಟ ವರ್ಷ ನವೀಕರಣದ ನೆನಪೋಲೆ ಯಾರಿಗೂ ಕಾಣುವುದಿಲ್ಲ.

ವಿಳಾಸದ ಬಾಲ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿರಲಿ. ಕನ್ನಡದ ಮೇಲೆ ಪ್ರೀತಿ ಇಲ್ಲದೆ ಹೇಳುತ್ತಿಲ್ಲ. ವೆಬ್ ವಿಳಾಸದಲ್ಲಿ ಕನ್ನಡದ ಒಂದೊಂದು ಸಂಕೇತವೂ 9 ಅಕ್ಷರವಾಗಿ ಹಿಗ್ಗುತ್ತದೆ. ‘ಕಾಚಂಪುಳಿ’ ಎಂಬುದರಲ್ಲಿ ಸ್ವರಚಿಹ್ನೆ, ಸೊನ್ನೆ ಸೇರಿ 8 ಸಂಕೇತ, ಅಂದರೆ 72 ಅಕ್ಷರ. ಉದ್ದವಾದಷ್ಟೂ ಕ್ಯೂಆರ್‌ನ ಚುಕ್ಕಿಗಳು ಸಣ್ಣದಾಗಿ, ಅಗ್ಗದ ಕ್ಯಾಮೆರಾಕ್ಕೆ ಕಾಣದೆ ಹೋಗುತ್ತವೆ. ಲೇಬಲ್‌ನ ಮೇಲೆ ಕನ್ನಡ ಎಷ್ಟು ದೊಡ್ಡದಾಗಿ ಬೇಕಾದರೂ ಹಾಕಿ.

ಅಚ್ಚಿನ ವಿಷಯ: ಕೋಡ್ ಕನಿಷ್ಠ 2 ಸೆಂ.ಮೀ., ಆದರೆ 2.5 ಇಡಿ. ಸುತ್ತ ನಾಲ್ಕು ಚುಕ್ಕಿಯಷ್ಟು ಅಗಲದ ಖಾಲಿ ಬಿಳಿ ಅಂಚು ಬೇಕು. ಜಾಗ ಉಳಿಸಲು ಪ್ರೆಸ್ಸಿನವರು ಮೊದಲು ಕತ್ತರಿಸುವುದು ಅದನ್ನೇ, ಕೋಡ್ ಓದದಿರಲು ಮುಖ್ಯ ಕಾರಣವೂ ಅದೇ. ಎರರ್ ಕರೆಕ್ಷನ್ ಮಟ್ಟ ‘ಎಂ’ (M) ಆರಿಸಿದರೆ ಕೋಡ್ 15 ಶೇಕಡಾ ಹಾಳಾದರೂ ಓದುತ್ತದೆ, ‘ಕ್ಯೂ’ (Q) ಆದರೆ 25. ಜೇನು, ಕಾಚಂಪುಳಿ ಬಾಟಲಿಗೆ ‘ಕ್ಯೂ’ ಮಟ್ಟ ಇರಲಿ, ಅಂಟು ಕೈ ತಾಗಿ ಲೇಬಲ್ ಮಾಸುತ್ತದೆ. ಕಂದು ಕ್ರಾಫ್ಟ್ ಕವರಿನ ಮೇಲೆ ನೇರವಾಗಿ ಅಚ್ಚು ಹಾಕಿಸಿದರೆ ಬಣ್ಣದ ಅಂತರ ಸಾಲದು, ಕೆಳಗೆ ಬಿಳಿ ಚೌಕ ಬೇಕು. 2,000 ಹಾಕಿಸುವ ಮೊದಲು ಒಂದು ಪ್ರೂಫ್ ತರಿಸಿ, ನಿಜವಾದ ಪ್ಯಾಕೆಟ್‌ಗೆ ಅಂಟಿಸಿ, ಸಂಜೆ ಬೆಳಕಿನಲ್ಲಿ ಹಳೇ ಫೋನಿನಿಂದ ಓದಿಸಿ ನೋಡಿ. ಆಹಾರದ ಪ್ಯಾಕೆಟ್ ಆದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನಂಬರೂ ಅದೇ ಲೇಬಲ್‌ನಲ್ಲಿ ಇರಬೇಕು. ಪ್ರೂಫ್ ಬಂದಾಗ ಅಂಕಿ ಎಣಿಸಿ.

ಮಂಜುಗಾಲ, ಮಡಿಕೇರಿ

ಮಳೆಗಾಲದ ಪ್ರಶ್ನೆಗೆ ಉತ್ತರಿಸುತ್ತೇನೆ. ಇಲ್ಲಿ ಸ್ಟಾರ್ಟಪ್ ಕಡೆಗೆ ಒಂದು ನ್ಯಾಯವಾದ ಅಂಶವಿದೆ.

ವಾಟ್ಸಾಪ್ ಬಿಸಿನೆಸ್ ಆ್ಯಪ್‌ನ ‘ಅವೇ ಮೆಸೇಜ್’ (ನೀವಿಲ್ಲದಾಗ ತಾನೇ ಹೋಗುವ ಉತ್ತರ) ಹೋಗಬೇಕಾದರೆ ನಿಮ್ಮ ಫೋನಿನಲ್ಲಿ ನೆಟ್ ಇರಬೇಕು. ಬಹಳ ಜನಕ್ಕೆ ಇದು ಗೊತ್ತಿಲ್ಲ. ಟವರ್‌ನ ಬ್ಯಾಟರಿ ಮುಗಿದು ಎರಡು ದಿನ ರೇಂಜ್ ಇಲ್ಲದಾಗ, ಯಾವಾಗ ಆ ಉತ್ತರ ಬೇಕೋ ಆವಾಗಲೇ ಹೋಗುವುದಿಲ್ಲ. ಕ್ಲೌಡ್ ಎಪಿಐಯಲ್ಲಿ ಉತ್ತರ ಕೊಡುವುದು ದೂರದ ಸರ್ವರ್. ನಾಪೋಕ್ಲಿನಲ್ಲಿ ಕಾವೇರಿ ರಸ್ತೆಗೆ ಬಂದು ಕರೆಂಟ್ ಹೋದರೂ ಬೆಂಗಳೂರಿನ ಗಿರಾಕಿಗೆ ಉತ್ತರ ಸಿಗುತ್ತದೆ. ಸ್ಟಾರ್ಟಪ್‌ಗೆ ದುಡ್ಡು ಕೊಡಲು ಗಟ್ಟಿ ಕಾರಣ ಎಂದರೆ ನನಗೆ ಕಾಣುವುದು ಇದೊಂದೇ. ಹಣ ಕೊಡದೆ ಮಾಡುವ ದಾರಿಯೂ ಇದೆ: ಒಂದು ಖಾತೆಗೆ ನಾಲ್ಕು ಸಾಧನ ಜೋಡಿಸಬಹುದು, ಫೋನ್ ನೆಟ್‌ನಲ್ಲಿ ಇಲ್ಲದಿದ್ದರೂ ಅವು 14 ದಿನ ನಡೆಯುತ್ತವೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಸಂಘದ ಒಬ್ಬರ ಮಗಳ ಲ್ಯಾಪ್‌ಟಾಪಿಗೆ ಜೂನ್ ಒಳಗೆ ಜೋಡಿಸಿಡಿ.

ಪೋಸ್ಟ್ ಹಾಕುವುದಕ್ಕಂತೂ ದುಡ್ಡು ಬೇಡ. ಮೆಟಾ ಬಿಸಿನೆಸ್ ಸೂಟ್‌ನ ಪ್ಲಾನರ್ ಉಚಿತ. ಇನ್‌ಸ್ಟಾಗ್ರಾಂ ಆ್ಯಪ್‌ನಲ್ಲೇ ವೃತ್ತಿಪರ ಖಾತೆಯಿಂದ 75 ದಿನ ಮುಂಚಿನವರೆಗೆ ಪೋಸ್ಟ್ ನಿಗದಿ ಮಾಡಬಹುದು, ದಿನಕ್ಕೆ 25ರವರೆಗೆ. ಮೇ ಕೊನೆಯಲ್ಲಿ ಒಂದು ದಿನ ಕೂತು ಜೂನ್, ಜುಲೈನದು ಮುಗಿಸಿಡಿ. 30 ಸೆಕೆಂಡಿನ ರೀಲ್ ಸೆಕೆಂಡಿಗೆ 5 ಮೆಗಾಬಿಟ್ ಗುಣಮಟ್ಟದಲ್ಲಿ ಸುಮಾರು 19 ಎಂಬಿ. ಮಳೆಯಲ್ಲಿ ಸಿಗುವ ಅರ್ಧ ಮೆಗಾಬಿಟ್ ವೇಗದಲ್ಲಿ ಅದು ಏರಲು 5 ನಿಮಿಷ ಬೇಕು, ಮಧ್ಯೆ ಒಮ್ಮೆ ಕಡಿದರೆ ಮತ್ತೆ ಮೊದಲಿಂದ. ಅದೇ 1080×1350 ಅಳತೆಯ ಫೋಟೋ 300–400 ಕೆಬಿಗೆ ಇಳಿಸಬಹುದು, ಕೆಲವು ಸೆಕೆಂಡಿನಲ್ಲಿ ಹೋಗುತ್ತದೆ.

ಮುಂಚೆಯೇ ನಿಗದಿ ಮಾಡುವವರು ಒಂದು ಎಚ್ಚರ ವಹಿಸಲೇಬೇಕು. ಕಾಫಿಪುಡಿ, ಮೆಣಸಿನ ಪೋಸ್ಟ್ ಯಾವಾಗ ಹೋದರೂ ಸರಿ. ‘ಮಳೆ ನೋಡಲು ಬನ್ನಿ, ಜಲಪಾತ ತುಂಬಿದೆ’ ಎಂಬಂಥದ್ದನ್ನು ನಿಗದಿ ಮಾಡಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಂಥ ಸ್ಥಿತಿ ಮತ್ತೆ ಬಂದರೆ, ಯಾರೂ ಮುಟ್ಟದಿದ್ದರೂ ನಿಮ್ಮ ಖಾತೆ ಜನರನ್ನು ಕರೆಯುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಲು ನಿಮಗೆ ನೆಟ್ ಇರುವುದಿಲ್ಲ. ಜಿಲ್ಲೆಯ ಹೊರಗಿರುವ ಒಬ್ಬರಿಗೆ ಪ್ಲಾನರ್‌ನ ಅಧಿಕಾರ ಕೊಟ್ಟಿಡಿ. ‘ರಸ್ತೆ ತೆರೆದಿದೆಯಾ’ ಎಂಬ ಪ್ರಶ್ನೆಗೆ ಯಂತ್ರದಿಂದ ಉತ್ತರ ಕೊಡಿಸಲೇಬೇಡಿ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ ಕೇಳಿ ಎನ್ನುವುದಷ್ಟೇ ಆ ಉತ್ತರದಲ್ಲಿರಲಿ.

ಏಲಕ್ಕಿಗೊನೆ, ನಾಪೋಕ್ಲು

ತುಂಬಾ ಉಪಕಾರ. ಕೋಡ್ ಸ್ಕ್ಯಾನ್ ಮಾಡಿಲ್ಲ. ನಿಮ್ಮ ಪ್ರಶ್ನೆಗಳನ್ನೇ ಅವರಿಗೆ ಕಳಿಸಿದೆ. ಕ್ಲೌಡ್ ಎಪಿಐಯಲ್ಲೂ ಮಾಡಿಕೊಡುತ್ತೇವೆ, ಮೆಸೇಜಿನ ದರ ಬೇರೆ, ಬೇಕಾದಾಗ ನಿಮ್ಮ ಮಾಹಿತಿಯೆಲ್ಲ ಸಿಎಸ್‌ವಿ (ಸರಳ ಪಟ್ಟಿಯ) ಫೈಲ್‌ನಲ್ಲಿ ಇಳಿಸಿಕೊಳ್ಳಬಹುದು ಎಂದರು. ಮಾದರಿ ಫೈಲ್ ಒಂದನ್ನು ಕಳಿಸಿದ್ದಾರೆ. ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಹೆಸರುಗಳೆಲ್ಲ ವಿಚಿತ್ರ ಚಿಹ್ನೆ, ಫೋನ್ ನಂಬರುಗಳು 9.19ಇ+11 ಎಂದು ಕಾಣುತ್ತವೆ. ಫೈಲೇ ಹಾಳೋ? ಎಪಿಐಗೆ ಹೋದರೆ ಈಗಿನ ಆ್ಯಪ್ ಬಿಡಬೇಕೋ?

ಹಾರಂಗಿದಂಡೆ, ಕುಶಾಲನಗರ

ಫೈಲ್ ಹಾಳಾಗಿರಲಿಕ್ಕಿಲ್ಲ, ತೆರೆದ ರೀತಿ ತಪ್ಪು. ಮೇಲೆ ಎರಡು ಸಲ ಒತ್ತಿ ತೆರೆಯಬೇಡಿ. ಖಾಲಿ ಎಕ್ಸೆಲ್ ತೆರೆದು ಡೇಟಾ ಮೆನುವಿನಲ್ಲಿ ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಆರಿಸಿ, ಫೈಲ್ ಒರಿಜಿನ್ ಎಂಬಲ್ಲಿ 65001 ಯುಟಿಎಫ್-8 ಹಾಕಿ. ಟ್ರಾನ್ಸ್‌ಫಾರ್ಮ್ ಒತ್ತಿ ಫೋನ್ ನಂಬರಿನ ಕಾಲಂ ಅನ್ನು ಟೆಕ್ಸ್ಟ್ ಮಾಡಿ, ಆಮೇಲೆ ಲೋಡ್ ಮಾಡಿ. ಎರಡೂ ಸರಿಯಾಗುತ್ತವೆ. ತಪ್ಪಾಗಿ ತೆರೆದದ್ದನ್ನು ಮಾತ್ರ ಸೇವ್ ಮಾಡಬೇಡಿ. ಸಿಎಸ್‌ವಿಯಾಗಿ ಸೇವ್ ಮಾಡಿದರೆ ನಂಬರಿನ ಕೊನೆಯ ಅಂಕಿಗಳು ಸೊನ್ನೆಯಾಗಿ ನಿಂತುಬಿಡುತ್ತವೆ, ಮತ್ತೆ ಬರುವುದಿಲ್ಲ.

ಫೈಲ್‌ನಲ್ಲಿ ಬರೀ ಹೆಸರು, ನಂಬರ್ ಇದ್ದರೆ ಸಾಲದು. ಯಾರು ಏನು ಕೊಂಡರು, ಯಾವ ದಿನ, ಎಷ್ಟಕ್ಕೆ, ಮೆಸೇಜ್ ಕಳಿಸಲು ಒಪ್ಪಿದರೋ ಇಲ್ಲವೋ, ಇವೂ ಬರಬೇಕು. ನೋಡುವ ರೀತಿ ಸುಲಭ: ಉಚಿತ ಪ್ರಯೋಗದ ಅವಧಿಯಲ್ಲಿ ಹತ್ತು ಸುಳ್ಳು ಆರ್ಡರ್ ಹಾಕಿ, ಇಳಿಸಿಕೊಳ್ಳಿ, ಹತ್ತೂ ಬಂದವೋ ಎಣಿಸಿ. ಆಮೇಲೆ ಖಾತೆ ಅಳಿಸಲು ಹೇಳಿ. ಅಳಿಸಲು ಎಷ್ಟು ದಿನ ಸತಾಯಿಸುತ್ತಾರೆ ಎಂಬುದರಲ್ಲೇ ಕಂಪನಿಯ ಗುಣ ತಿಳಿಯುತ್ತದೆ.

ಆ್ಯಪ್ ಬಿಡಬೇಕಿಲ್ಲ. ಮೊದಲೆಲ್ಲ ಒಂದು ನಂಬರ್ ಎಪಿಐಗೆ ಹೋದರೆ ಆ್ಯಪ್‌ನಲ್ಲಿ ನಡೆಯುತ್ತಿರಲಿಲ್ಲ. ಈಗ ಕೋಎಕ್ಸಿಸ್ಟೆನ್ಸ್ ಎಂಬ ವ್ಯವಸ್ಥೆಯಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಅದರಲ್ಲೂ ಫೋನಿನ ಕಡೆಯಿಂದ ಒಂದು ಕೋಡ್ ಸ್ಕ್ಯಾನ್ ಮಾಡುವುದಿದೆ, ಆದರೆ ಅದು ಮೆಟಾದ್ದೇ ಕಿಟಕಿಯಲ್ಲಿ, ನಿಮ್ಮ ಫೇಸ್‌ಬುಕ್ ಲಾಗಿನ್ ಆದಮೇಲೆ ಬರುತ್ತದೆ. ಹಾಗೆ ಜೋಡಿಸಿದರೆ ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗಳು ಬಳಕೆಗೆ ಸಿಗುವುದಿಲ್ಲ. ಪಟ್ಟಿಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬಿಸಿನೆಸ್ ಪೋರ್ಟ್‌ಫೋಲಿಯೋವನ್ನು (ಸಂಘದ ಪುಟ, ನಂಬರ್ ಎಲ್ಲ ಒಂದೆಡೆ ಇರುವ ಮೆಟಾ ಖಾತೆ) ನೀವೇ ತೆರೆದು, ಪೂರ್ಣ ಅಧಿಕಾರ ಸಂಘದ ಇಬ್ಬರಲ್ಲಿ ಇರಲಿ. ಸ್ಟಾರ್ಟಪ್‌ಗೆ ಪಾಲುದಾರನ ಅಧಿಕಾರ ಮಾತ್ರ ಕೊಡಿ. ನಮ್ಮ ಪೋರ್ಟ್‌ಫೋಲಿಯೋದಲ್ಲೇ ನಿಮ್ಮ ನಂಬರ್ ಇಡುತ್ತೇವೆ ಎಂದರೆ ಅಲ್ಲಿಗೇ ಬಿಡಿ. ಇನ್‌ಸ್ಟಾಗ್ರಾಂಗೂ ಇದೇ ಮಾತು. ಅಧಿಕಾರ ಕೊಡಬಹುದು, ಪಾಸ್‌ವರ್ಡ್ ಕೊಡಬಾರದು.

ಟೆಂಪ್ಲೇಟನ್ನು ಕನ್ನಡದಲ್ಲಿ ಬರೆದು ಭಾಷೆ ಇಂಗ್ಲಿಷ್ ಎಂದು ಸಲ್ಲಿಸಿದರೆ ತಿರಸ್ಕರಿಸುತ್ತಾರೆ. ಪಟ್ಟಿಯಲ್ಲಿ ಕನ್ನಡ ಇದೆ, ಅದನ್ನೇ ಆರಿಸಬೇಕು.

ಕಾಫಿಹೂಮಳೆ, ಸೋಮವಾರಪೇಟೆ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಸ್ಟಾರ್ಟಪ್ ಎಂದ ಕೂಡಲೇ ಓಡಬೇಕಿಲ್ಲ. ಚಿಕ್ಕ ಕಂಪನಿಯಲ್ಲಿ ಫೋನ್ ಎತ್ತುವವರಿರುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ. ಮೆಟಾದಲ್ಲಿ ಖಾತೆ ಲಾಕ್ ಆದರೆ ಮಾತಾಡಲು ಮನುಷ್ಯರೇ ಸಿಗುವುದಿಲ್ಲ. ಈ ಕೆಲಸವನ್ನು ಹಣ ತೆತ್ತು ಮಾಡಿಸುವುದು ತಪ್ಪಲ್ಲ. ವರ್ಷಕ್ಕೆ ಬದಲು ತಿಂಗಳಿಗೆ ಕಟ್ಟಿ, ಸ್ವಲ್ಪ ಜಾಸ್ತಿಯಾದರೂ ಚಿಂತೆಯಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೊಯ್ಲಿನ ಕೆಲಸದಲ್ಲಿ ಯಾರಿಗೂ ಪುರುಸೊತ್ತಿಲ್ಲದಾಗ ಬಳಸಿ, ಉಳಿದ ತಿಂಗಳು ನಿಲ್ಲಿಸಿ.

ಇಂಥ ಟೂಲ್‌ಗಳು ಕೆಡುವುದು ಕಂಪನಿ ಮುಚ್ಚಿ ಅಲ್ಲ, ಹೆಚ್ಚಾಗಿ ದೊಡ್ಡವರು ಬಾಗಿಲು ಹಾಕಿ. ಟ್ವಿಟರ್ 2023ರಲ್ಲಿ ಉಚಿತ ಎಪಿಐ ನಿಲ್ಲಿಸಿತು. ಫೇಸ್‌ಬುಕ್ ಗ್ರೂಪ್‌ಗಳಿಗೆ ಹೊರಗಿನ ಟೂಲ್‌ನಿಂದ ಪೋಸ್ಟ್ ಹಾಕುವುದು 2024ರ ಏಪ್ರಿಲ್ 22ಕ್ಕೆ ಮುಗಿಯಿತು. ಇನ್‌ಸ್ಟಾಗ್ರಾಂನ ವೈಯಕ್ತಿಕ ಖಾತೆಗೆ ಜೋಡಿಸುವ ದಾರಿ 2024ರ ಡಿಸೆಂಬರ್ 4ಕ್ಕೆ. ಈಗಲೂ ‘ಎಲ್ಲ ಗ್ರೂಪ್‌ಗಳಿಗೂ ತಾನೇ ಹಾಕುತ್ತದೆ’ ಎಂದು ಮಾರುವವರಿದ್ದರೆ, ಅವರು ನಿಮ್ಮ ಪಾಸ್‌ವರ್ಡ್‌ನಿಂದ ಕಳ್ಳದಾರಿಯಲ್ಲಿ ಮಾಡುತ್ತಿದ್ದಾರೆ ಎಂದೇ ತಿಳಿಯಿರಿ.

ಹಣದ ವಿಷಯ ಯಾರೂ ಹೇಳಲಿಲ್ಲ. ಯುಪಿಐ ಕ್ಯೂಆರ್ ಸಂಘದ ಬ್ಯಾಂಕ್ ಖಾತೆಯದೇ ಇರಲಿ, ಸ್ಟಾರ್ಟಪ್‌ನ ವ್ಯಾಲೆಟ್ ಮಧ್ಯೆ ಬೇಡ. ಅವರು ಮುಚ್ಚಿದ ದಿನ ವ್ಯಾಲೆಟ್‌ನಲ್ಲಿದ್ದ ಹಣಕ್ಕೆ ಅಲೆಯಬೇಕಾಗುತ್ತದೆ. ಚಂದಾಕ್ಕೆ ಆಟೋಪೇ ಒಪ್ಪಿಗೆ ಕೊಟ್ಟಿದ್ದರೆ, ಹಣ ಕಡಿಯುವ 24 ಗಂಟೆ ಮೊದಲು ಸೂಚನೆ ಬರುತ್ತದೆ. ಆ ಫೋನ್ ಯಾರ ಕೈಯಲ್ಲಿದೆ ನೋಡಿಕೊಳ್ಳಿ. ರದ್ದು ಮಾಡಲು ಸ್ಟಾರ್ಟಪ್‌ನ ಅನುಮತಿ ಬೇಡ, ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲೇ ಮಾಡಬಹುದು. ಬಿಲ್‌ನಲ್ಲಿರುವ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನ ಸರ್ಚ್ ಟ್ಯಾಕ್ಸ್‌ಪೇಯರ್‌ನಲ್ಲಿ ಹಾಕಿದರೆ ಯಾವ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಹೋಂಸ್ಟೇ ಅತಿಥಿಗಳ ಆಧಾರ್ ಪ್ರತಿಗಳನ್ನು ಮಾತ್ರ ಯಾವ ಕಾರಣಕ್ಕೂ ಆ ಟೂಲ್‌ಗೆ ಏರಿಸಬೇಡಿ. ವೈಯಕ್ತಿಕ ದತ್ತಾಂಶದ 2023ರ ಕಾಯ್ದೆಯ ಪ್ರಕಾರ, ಸಂಗ್ರಹಿಸಿದವರು ನೀವಾದರೆ ಹೊಣೆಯೂ ನಿಮ್ಮದೇ.

ಏಲಕ್ಕಿಗೊನೆ, ನಾಪೋಕ್ಲು

ಸಂಘದಲ್ಲಿ ಮಾತಾಡಿದೆವು. ಡಾಟ್ ಇನ್ ವಿಳಾಸ ನಾಳೆ ನೋಂದಾಯಿಸುತ್ತೇವೆ, ಲೇಬಲ್‌ಗೆ ಅದರದೇ ಕ್ಯೂಆರ್. ಸ್ಟಾರ್ಟಪ್‌ಗೆ ಒಂದು ತಿಂಗಳ ಹಣ ಮಾತ್ರ, ಅದೂ ಹತ್ತು ಸುಳ್ಳು ಆರ್ಡರ್ ಇಳಿಸಿ ನೋಡಿದ ಮೇಲೆ. ಕೊನೆಯದಾಗಿ ಒಂದು: ಜೇನು ಬಾಟಲಿ ದುಂಡಗಿದೆ, 2.5 ಸೆಂ.ಮೀ. ಕೋಡ್ ಬಾಗಿದರೆ ಓದುತ್ತದೆಯೇ?

ಕರಿಮೆಣಸಿನಬಳ್ಳಿ, ವಿರಾಜಪೇಟೆ

ಅರ್ಧ ಕೆಜಿ ಬಾಟಲಿಗೆ ತೊಂದರೆ ಬರಲಿಕ್ಕಿಲ್ಲ, ನೇರ ಮುಂದಿನಿಂದ ನೋಡಿದರೆ ಪೂರ್ತಿ ಕೋಡ್ ಕಾಣಬೇಕು ಅಷ್ಟೆ. ಸಣ್ಣ ಕಾಚಂಪುಳಿ ಸೀಸೆಗೆ 2 ಸೆಂ.ಮೀ.ಗೆ ಇಳಿಸಿ, ಅಥವಾ ಕುತ್ತಿಗೆಗೆ ಕಟ್ಟುವ ಕಾರ್ಡಿನಲ್ಲಿ ಹಾಕಿಸಿ. ಹೊಳೆಯುವ ಲ್ಯಾಮಿನೇಶನ್ ಬೇಡ, ಮ್ಯಾಟ್ ಎಂದು ಪ್ರೆಸ್ಸಿನವರಿಗೆ ಹೇಳಿ. ದುಂಡಗಿನ ಬಾಟಲಿಯ ಮೇಲೆ ಟ್ಯೂಬ್‌ಲೈಟಿನ ಗೆರೆ ಸರಿಯಾಗಿ ಕೋಡಿನ ಮೇಲೇ ಬೀಳುತ್ತದೆ.